ತಿಳಿಯಾಗಿ ಕಂಡರೂ ಉಪ್ಪು ಉಪ್ಪೇ: ನಗರದ ಸಂಸ್ಕರಿತ ನೀರು ಹೊಲಕ್ಕೆ ಬಂದಾಗ

ಕೊಳಚೆ ನೀರಿನ ಸಂಸ್ಕರಣಾ ಘಟಕದಿಂದ ಹೊರಬಿದ್ದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ಬಾವಿ ನೀರಿನಷ್ಟೇ ತಿಳಿ. ಮೂಸಿದರೆ ವಾಸನೆಯೂ ಇಲ್ಲ. ಅಷ್ಟಕ್ಕೇ ಸಮಾಧಾನಪಟ್ಟು ಪೈಪ್ ಎಳೆದು ಹೊಲಕ್ಕೆ ತಿರುಗಿಸಿಬಿಡುವವರಿದ್ದಾರೆ. ಆದರೆ ಘಟಕದ ತೊಟ್ಟಿಗಳಲ್ಲಿ ಆಗುವ ಕೆಲಸವೇನು? ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ, ಅವು ಕೊಳೆಯುವ ವಸ್ತುವನ್ನು ತಿಂದು ಹಾಕುತ್ತವೆ, ಉಳಿದ ಕೆಸರು ತಳಕ್ಕೆ ಇಳಿಯುತ್ತದೆ. ಉಪ್ಪನ್ನು ಯಾವ ಬ್ಯಾಕ್ಟೀರಿಯಾವೂ ತಿನ್ನುವುದಿಲ್ಲ. ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಪುಡಿ, ಕಾರ್ಖಾನೆ, ಹೀಗೆ ಎಲ್ಲ ಕಡೆಯಿಂದ ಸೇರಿದ ಉಪ್ಪು ತಿಳಿ ನೀರಿನಲ್ಲಿ ಕರಗಿಕೊಂಡೇ ಹೊಲದವರೆಗೆ ಬರುತ್ತದೆ.

ಹಾಗಾಗಿ ಮೊದಲು ಕೇಳಬೇಕಾದ್ದು ಲ್ಯಾಬ್ ವರದಿ, ಅದರಲ್ಲಿ ಮೊದಲು ನೋಡಬೇಕಾದ್ದು ಇ.ಸಿ., ಅಂದರೆ ನೀರಿನ ವಿದ್ಯುತ್ ವಾಹಕತೆ; ಉಪ್ಪು ಹೆಚ್ಚಿದಷ್ಟೂ ಇದು ಏರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 1985ರಲ್ಲಿ ಹಾಕಿಕೊಟ್ಟ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ: ಮೀಟರಿಗೆ 0.7 ಡೆಸಿಸೀಮೆನ್ಸ್ ಒಳಗಿದ್ದರೆ ಚಿಂತೆಯಿಲ್ಲ, 0.7ರಿಂದ 3ರ ನಡುವೆ ಇದ್ದರೆ ಬೆಳೆ ನೋಡಿ ಬಳಸಬೇಕು, 3 ದಾಟಿದರೆ ತೀವ್ರ ನಿರ್ಬಂಧ. ಲೆಕ್ಕ ಹಾಕಿ ನೋಡಿ. ಇ.ಸಿ. 1.2 ಇರುವ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 770 ಮಿಲಿಗ್ರಾಂ ಉಪ್ಪಿರುತ್ತದೆ. ಒಂದು ಹಂಗಾಮಿಗೆ 500 ಮಿ.ಮೀ., ಅಂದರೆ ಹೆಕ್ಟೇರಿಗೆ 5,000 ಘನ ಮೀಟರ್ ಹಾಯಿಸಿದರೆ ಹೊಲಕ್ಕೆ ಬಿದ್ದ ಉಪ್ಪು 3.8 ಟನ್. ಗಿಡ ನೀರನ್ನಷ್ಟೇ ಹೀರಿಕೊಂಡು ಉಪ್ಪಿನ ಬಹುಪಾಲನ್ನು ಬೇರಿನ ಬುಡದಲ್ಲೇ ಬಿಡುತ್ತದೆ.

ಅದನ್ನು ಬೇರಿನ ಕೆಳಕ್ಕೆ ತೊಳೆದು ಇಳಿಸಲು ಬೆಳೆಗೆ ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚು ನೀರು ಕೊಡಬೇಕು. ಎಷ್ಟು ಅನ್ನುವುದಕ್ಕೆ ಸರಳ ಸೂತ್ರವಿದೆ: ಬೆಳೆ ತಾಳಿಕೊಳ್ಳುವ ಮಣ್ಣಿನ ಇ.ಸಿ.ಯನ್ನು ಐದರಿಂದ ಗುಣಿಸಿ, ಅದರಲ್ಲಿ ನೀರಿನ ಇ.ಸಿ. ಕಳೆಯಿರಿ, ಬಂದದ್ದರಿಂದ ನೀರಿನ ಇ.ಸಿ.ಯನ್ನು ಭಾಗಿಸಿ. ಇದೇ 1.2ರ ನೀರಿಗೆ ಬೀನ್ಸ್ (ತಾಳಿಕೆ 1.0) ಹಾಕಿದರೆ ಕೊಟ್ಟ ನೀರಿನ ಶೇ. 32 ಭಾಗ ತೊಳೆಯುವುದಕ್ಕೇ ಹೋಗುತ್ತದೆ. ಟೊಮೆಟೊ (2.5) ಆದರೆ ಶೇ. 11, ಹತ್ತಿಗೆ (7.7) ಶೇ. 3 ಸಾಕು. ನೀರು ಅದೇ, ಹೊಲ ಅದೇ, ಬೆಳೆ ಬದಲಾದರೆ ಲೆಕ್ಕ ಬುಡಮೇಲು. ಆದ್ದರಿಂದ ಬೆಳೆ ಆರಿಸಿ ಆಮೇಲೆ ನೀರು ನೋಡುವ ಕ್ರಮವನ್ನು ಇಲ್ಲಿ ಬಿಡಬೇಕು. ನೀರಿನ ವರದಿ ಕೈಗೆ ಬಂದ ಮೇಲೆ ಬೆಳೆ. ತೊಳೆದ ನೀರು ಇಳಿದು ಹೋಗಲು ದಾರಿಯಿಲ್ಲದ ಜವಳು ನೆಲಕ್ಕಂತೂ ಬಸಿಗಾಲುವೆ ತೋಡದೆ ಈ ನೀರನ್ನು ತರಲೇಬಾರದು.

ಉಪ್ಪಿನೊಳಗೂ ಸೋಡಿಯಂ ಬೇರೆಯೇ ಕಾಟ. ಅದು ಜೇಡಿ ಕಣಗಳನ್ನು ಒಂದಕ್ಕೊಂದು ಅಂಟದಂತೆ ಬಿಡಿಸಿ, ಮಣ್ಣಿನ ಸಂದುಗಳನ್ನು ಮುಚ್ಚಿಸುತ್ತದೆ. ವರದಿಯಲ್ಲಿ ಇದನ್ನು ಎಸ್.ಎ.ಆರ್. (ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಹೋಲಿಸಿದ ಸೋಡಿಯಂ ಪ್ರಮಾಣ) ಎಂದು ಕೊಟ್ಟಿರುತ್ತಾರೆ. ಇಲ್ಲದಿದ್ದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಕೂಡಿ, ಅರ್ಧ ಮಾಡಿ, ವರ್ಗಮೂಲ ತೆಗೆದು, ಅದರಿಂದ ಸೋಡಿಯಂ ಅನ್ನು ಭಾಗಿಸಿ; ಎಲ್ಲವೂ ಲೀಟರಿಗೆ ಮಿಲಿ ಈಕ್ವಿವಲೆಂಟ್ (ವರದಿಯಲ್ಲಿ meq/L ಎಂದು ಬರುವ ಮಾನ) ಲೆಕ್ಕದಲ್ಲಿರಲಿ. ಸೋಡಿಯಂ 8, ಉಳಿದೆರಡೂ ಸೇರಿ 6 ಇದ್ದರೆ ಎಸ್.ಎ.ಆರ್. 4.6. ಹಲವರು ಎಡವುವುದು ಇಲ್ಲೇ. ಸಂಸ್ಕರಿತ ನೀರು ಹಾಯಿಸುತ್ತಿರುವಷ್ಟು ದಿನ ಆ ನೀರಿನ ಉಪ್ಪೇ ಜೇಡಿಯನ್ನು ಹಿಡಿದಿಟ್ಟುಕೊಂಡಿರುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಪೆಟ್ಟು ಬೀಳುವುದು ಮೊದಲ ದೊಡ್ಡ ಮಳೆಗೆ. ಉಪ್ಪಿಲ್ಲದ ಮಳೆನೀರು ಬಿದ್ದೊಡನೆ ಮೇಲ್ಮಣ್ಣು ಕದಡುತ್ತದೆ, ಸಾಲಿನಲ್ಲಿ ನಿಂತ ನೀರು ಹಾಲು ಬೆರೆಸಿದ ಹಾಗೆ ಮಬ್ಬಾಗಿ ಗಂಟೆಗಟ್ಟಲೆ ಇಂಗುವುದಿಲ್ಲ, ಒಣಗಿದ ಮೇಲೆ ಬೆರಳಿನಿಂದ ಎಬ್ಬಿಸಬಹುದಾದ ಹೆಕ್ಕಳಿಕೆ ಕಟ್ಟುತ್ತದೆ. ಅದರಡಿ ಮೊಳಕೆ ಉಸಿರುಗಟ್ಟುತ್ತದೆ. ಈ ಲಕ್ಷಣ ಕಂಡರೆ ಜಿಪ್ಸಮ್ ಹಾಕಬೇಕು, ಅದೂ ಮುಂದಿನ ಮಳೆಗಾಲಕ್ಕೆ ಮುಂಚೆ, ಮೇಲ್ಮಣ್ಣಿಗೆ. ನೀರಿನಲ್ಲೇ ಬೆರೆಸುವುದಾದರೆ ಲೀಟರಿಗೆ ಒಂದು ಮಿಲಿ ಈಕ್ವಿವಲೆಂಟ್ ಕ್ಯಾಲ್ಸಿಯಂ ಏರಿಸಲು 1,000 ಘನ ಮೀಟರಿಗೆ 86 ಕಿಲೋ ಶುದ್ಧ ಜಿಪ್ಸಮ್ ಬೇಕು.

ವರದಿಯಲ್ಲಿ ನೋಡಬೇಕಾದ ಇನ್ನೊಂದು ಅಂಶ ಬೋರಾನ್. ಅದು ಲೀಟರಿಗೆ 0.7 ಮಿಲಿಗ್ರಾಂ ದಾಟಿದರೆ ನಿಂಬೆ, ಕಿತ್ತಳೆ ಜಾತಿಯ ಗಿಡಗಳು ಎಲೆಯಂಚು ಸುಟ್ಟುಕೊಳ್ಳುತ್ತವೆ. ಇದಕ್ಕೆ ಹೊಲದಲ್ಲಿ ಸುಲಭದ ಮದ್ದಿಲ್ಲ. ಸಂಸ್ಕರಿತ ನೀರಿನ ಹತ್ತರಲ್ಲಿ ಹೆಚ್ಚುಕಡಿಮೆ ಒಂಬತ್ತು ಪಾಲನ್ನು ಬೇಸಾಯಕ್ಕೆ ತಿರುಗಿಸಿರುವ ಇಸ್ರೇಲ್, ಬಟ್ಟೆ ಒಗೆಯುವ ಪುಡಿಯಲ್ಲಿ ಎಷ್ಟು ಬೋರಾನ್ ಇರಬಹುದು ಎನ್ನುವುದಕ್ಕೇ ಕಾನೂನಿನ ಕಡಿವಾಣ ಹಾಕಿತು. ಸರಿಯಾದ ಜಾಗ ಅದೇ: ಚರಂಡಿಗೆ ಬೀಳುವ ಮುಂಚೆಯೇ ತಡೆಯುವುದು.

ಇನ್ನು ಗೊಬ್ಬರದ ವಿಷಯ. ಈ ನೀರಿನಲ್ಲಿ ಸಾರಜನಕ ಪುಕ್ಕಟೆ ಬರುತ್ತದೆ ಎನ್ನುವುದು ನಿಜ. ಲೀಟರಿಗೆ 20 ಮಿಲಿಗ್ರಾಂ ಇದ್ದರೆ 5,000 ಘನ ಮೀಟರಿಗೆ 100 ಕಿಲೋ ಸಾರಜನಕ, ಅಂದರೆ 217 ಕಿಲೋ ಯೂರಿಯಾಕ್ಕೆ ಸಮ. ಇಷ್ಟು ಬರುತ್ತಿರುವಾಗ ಎಂದಿನ ರೂಢಿಯಂತೆ ಮೇಲುಗೊಬ್ಬರ ಕೊಟ್ಟರೆ ಗಿಡ ಸೊಕ್ಕಿ ಬೆಳೆಯುತ್ತದೆ, ಕಾಯಿ ಕಚ್ಚುವುದಿಲ್ಲ, ಗೋಧಿ ಬಾರ್ಲಿಯಂಥವು ನೆಲಕ್ಕೆ ಮಲಗುತ್ತವೆ. ಚೀಲದ ಗೊಬ್ಬರವನ್ನು ಬೇಕಾದಾಗ ನಿಲ್ಲಿಸಬಹುದು. ನೀರಿನ ಗೊಬ್ಬರ ಕಾಯಿ ಮಾಗುವ ಹೊತ್ತಿನಲ್ಲೂ ಬರುತ್ತಲೇ ಇರುತ್ತದೆ. ಕೊನೆಯ ತಿಂಗಳಿಗೆ ಬೆರೆಸಲು ಬಾವಿಯ ನೀರೋ ಕಾಲುವೆ ನೀರೋ ಇದ್ದರೆ ಅದನ್ನು ಆಗಿನ ಬಳಕೆಗೆ ಮೀಸಲಿಡಿ. ವರದಿ ಓದುವಾಗ ಒಂದು ಎಚ್ಚರ: ನೈಟ್ರೇಟ್ ಎಂದು ಬರೆದ ಅಂಕಿ ಸಾರಜನಕವಲ್ಲ, ಅದನ್ನು 4.43ರಿಂದ ಭಾಗಿಸಿದರೆ ಸಿಗುವುದು ಸಾರಜನಕ. ಅದಕ್ಕೆ ಅಮೋನಿಯಾ ಸಾರಜನಕವನ್ನೂ ಸಾವಯವ ಸಾರಜನಕವನ್ನೂ ಕೂಡಿಸಿ.

ಘಟಕ ಹಗಲೂ ರಾತ್ರಿ ನೀರು ಬಿಡುತ್ತದೆ, ಹೊಲಕ್ಕೆ ಹಾಗೆ ಬೇಡ. ಆದ್ದರಿಂದ ಹೊಂಡ ಬೇಕೇ ಬೇಕು. ಹೊಂಡದಲ್ಲಿ ಎಂಟು ಹತ್ತು ದಿನ ನಿಂತರೆ ಜಂತುಹುಳುವಿನ ಮೊಟ್ಟೆಗಳು ತಳಕ್ಕಿಳಿಯುತ್ತವೆ, ಬಿಸಿಲಿಗೆ ರೋಗಾಣುಗಳೂ ಸಾಯುತ್ತವೆ. ಆದರೆ ನೀರು ಬೀಳುವ ಜಾಗ, ಎತ್ತುವ ಜಾಗ ಎರಡೂ ಅಕ್ಕಪಕ್ಕ ಇದ್ದರೆ ಇಂದು ಬಿದ್ದ ನೀರು ಇಂದೇ ಹೊರಟುಬಿಡುತ್ತದೆ, ಎದುರುಬದುರು ತುದಿಯಲ್ಲಿರಲಿ. ಪಂಪಿನ ಸಕ್ಷನ್ ಪೈಪನ್ನು ತಳಕ್ಕೆ ಬಿಟ್ಟರೆ ಕೆಸರು, ಮೇಲೆ ಬಿಟ್ಟರೆ ಪಾಚಿ. ತೇಲುವ ಡ್ರಮ್ಮಿಗೆ ಕಟ್ಟಿ ಮೇಲ್ಮೈಯಿಂದ ಅರ್ಧದಿಂದ ಒಂದು ಮೀಟರ್ ಕೆಳಗೆ ತೂಗುಬಿಡಿ. ಹೂಳು ತೆಗೆಯುವವರು ಗಂಬೂಟು, ಕೈಗವಸು ಇಲ್ಲದೆ ಇಳಿಯಕೂಡದು. ದುಂಡು ಹುಳುವಿನ ಮೊಟ್ಟೆ ಹೂಳಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ.

ಹನಿ ನೀರಾವರಿ ಈ ನೀರಿಗೆ ಅತ್ಯಂತ ಸೂಕ್ತ, ಅತ್ಯಂತ ಬೇಗ ಕೆಡುವುದೂ ಅದೇ. ಲ್ಯಾಟರಲ್ಲಿನ (ಡ್ರಿಪ್ಪರುಗಳಿರುವ ಸಾಲಿನ ಸಣ್ಣ ಪೈಪಿನ) ಎಂಡ್ ಕ್ಯಾಪ್ ಬಿಚ್ಚಿದಾಗ ಬೆರಳಿಗೆ ಅಂಟುವ ಬೂದುಗಪ್ಪು ಲೋಳೆ ಬಂದರೆ ಒಳಗೆ ಬ್ಯಾಕ್ಟೀರಿಯಾ ಮನೆ ಮಾಡಿದೆ ಎಂದು ಅರ್ಥ. ಲೋಳೆ ಮೊದಲು, ಅದಕ್ಕೆ ಅಂಟುವ ಸಣ್ಣ ಕಣಗಳು ಆಮೇಲೆ, ಎರಡೂ ಸೇರಿ ಡ್ರಿಪ್ಪರಿನ ಅಂಕುಡೊಂಕು ದಾರಿಯಲ್ಲಿ ಗೋಡೆ ಕಟ್ಟುತ್ತವೆ. ಜಾಲರಿ ಫಿಲ್ಟರ್ ಒಂದನ್ನೇ ನಂಬಿದರೆ ಪಾಚಿ ಜಾಲರಿಗೆ ಅಂಟಿಕೊಂಡು ಒತ್ತಡಕ್ಕೆ ನುಸುಳಿ ಆಚೆ ಹೋಗುತ್ತದೆ. ಮೊದಲು ಸ್ಯಾಂಡ್ ಫಿಲ್ಟರ್, ಅದಾದ ಮೇಲೆ 120 ಮೆಶ್ ಡಿಸ್ಕ್ ಫಿಲ್ಟರ್ ಇರಲಿ. ಗಂಟೆಗೆ 20 ಘನ ಮೀಟರ್ ಹರಿವಿಗೆ 60 ಸೆಂ.ಮೀ. ವ್ಯಾಸದ ಎರಡು ಸ್ಯಾಂಡ್ ಟ್ಯಾಂಕ್ ಹಾಕಿ; ಒಂದರ ಶುದ್ಧ ನೀರಿನಿಂದಲೇ ಇನ್ನೊಂದು ಬ್ಯಾಕ್‌ವಾಶ್ (ನೀರನ್ನು ತಿರುವುಮುರುವಾಗಿ ಹರಿಸಿ ತೊಳೆಯುವುದು) ಆಗಬೇಕು, ಆದ್ದರಿಂದ ಎರಡು ಬೇಕೇ ಬೇಕು. ಫಿಲ್ಟರಿನ ಹಿಂದೆ ಮುಂದೆ ಪ್ರೆಶರ್ ಗೇಜ್ ಇಟ್ಟು, ವ್ಯತ್ಯಾಸ ತೊಳೆದ ಹೊಸತರಲ್ಲಿ ಇದ್ದದ್ದಕ್ಕಿಂತ 0.5 ಬಾರ್ ಏರಿದ ಕೂಡಲೇ ತೊಳೆಯಿರಿ. ತಡಮಾಡಿದರೆ ಮರಳು ಹೆಪ್ಪುಗಟ್ಟಿ ಇಲಿ ಬಿಲದಂಥ ದಾರಿಗಳಾಗುತ್ತವೆ, ನೀರು ಸೋಸದೆಯೇ ದಾಟುತ್ತದೆ. ಬ್ಯಾಕ್‌ವಾಶ್ ವಾಲ್ವ್ ಪೂರ್ತಿ ತೆರೆದರೆ ಮರಳೇ ಹೊರಬೀಳುತ್ತದೆ. ಹೊರಹೋಗುವ ನೀರನ್ನು ಬಿಳಿ ಬಟ್ಟೆಯಲ್ಲಿ ಹಿಡಿದು, ಕಾಳು ಕಂಡರೆ ವಾಲ್ವ್ ತುಸು ಮುಚ್ಚಿ.

ಲೋಳೆಗೆ ಕ್ಲೋರಿನ್ ಮದ್ದು. ಶೇ. 10ರ ಹೈಪೋಕ್ಲೋರೈಟ್ ದ್ರಾವಣವಾದರೆ ಲೀಟರಿಗೆ 10 ಮಿಲಿಗ್ರಾಂ ಪ್ರಮಾಣ ತರಲು ಘನ ಮೀಟರಿಗೆ 100 ಮಿ.ಲೀ. ಸಾಕು, 20 ಘನ ಮೀಟರ್ ಹರಿವಿಗೆ ಅರ್ಧ ಗಂಟೆಗೆ ಒಂದು ಲೀಟರ್. ಫಿಲ್ಟರಿಗೆ ಮುಂಚೆಯೇ ಸೇರಿಸಿ, ಸತ್ತ ಲೋಳೆ ಅಲ್ಲೇ ಸಿಗಲಿ. ಆದರೆ ಅಮೋನಿಯಾ ಇದ್ದರೆ ಲೆಕ್ಕವೇ ಬೇರೆ. ಒಂದು ಪಾಲು ಅಮೋನಿಯಾ ಸಾರಜನಕ ಎಂಟರಿಂದ ಹತ್ತು ಪಾಲು ಕ್ಲೋರಿನ್ ನುಂಗುತ್ತದೆ. ಅದು 15 ಮಿಲಿಗ್ರಾಂ ಇರುವ ನೀರಿಗೆ ಸ್ವತಂತ್ರ (ಅಮೋನಿಯಾ ಜೊತೆ ಸೇರದ) ಕ್ಲೋರಿನ್ ಉಳಿಸಲು ಹೊರಟರೆ ಲೀಟರಿಗೆ 120ರಿಂದ 150 ಮಿಲಿಗ್ರಾಂ ಸುರಿಯಬೇಕು. ಹಾಗೆ ಮಾಡಬೇಡಿ. ಕಡಿಮೆ ಹಾಕಿದಾಗ ಆಗುವುದು ಕ್ಲೋರಮೀನ್, ಅಂದರೆ ಕ್ಲೋರಿನ್ ಅಮೋನಿಯಾ ಸೇರಿದ ವಸ್ತು; ಅದೂ ಕೊಲ್ಲುತ್ತದೆ, ಆದರೆ ನಿಧಾನ. ತುದಿಯ ಡ್ರಿಪ್ಪರಿನಲ್ಲಿ ಒಟ್ಟು ಕ್ಲೋರಿನ್ ತೋರಿಸುವ ಪರೀಕ್ಷಾ ಪಟ್ಟಿಯಿಂದ ನೋಡಿ, ಹೆಚ್ಚು ಹೊತ್ತು ಪೈಪಿನಲ್ಲಿ ನಿಲ್ಲಲು ಬಿಡಿ. ಇನ್ನೊಂದು ಮಾತು, ಜೀವದ ಪ್ರಶ್ನೆ: ಪೈಪ್ ತೊಳೆಯುವ ಆಸಿಡ್ ಮತ್ತು ಹೈಪೋಕ್ಲೋರೈಟ್ ಎಂದೂ ಒಂದೇ ಡ್ರಮ್ಮಿಗೆ ಬೀಳಬಾರದು. ವಿಷಾನಿಲ ಏಳುತ್ತದೆ.

ಆಮೇಲೆ ಲ್ಯಾಟರಲ್ ತುದಿಗಳನ್ನು ತೆರೆದು ತೊಳೆಯಿರಿ. ಕೊಳೆ ಎಬ್ಬಿಸಲು ಸೆಕೆಂಡಿಗೆ ಅರ್ಧ ಮೀಟರ್ ವೇಗ ಬೇಕು. 16 ಮಿ.ಮೀ. ಪೈಪಿನಲ್ಲಿ ಈ ವೇಗವಿದ್ದರೆ ತುದಿಗೆ ಹಿಡಿದ 5 ಲೀಟರ್ ಬಕೆಟ್ ಒಂದು ನಿಮಿಷದ ಆಸುಪಾಸಿನಲ್ಲಿ ತುಂಬುತ್ತದೆ. ಎರಡು ನಿಮಿಷ ಹಿಡಿದರೆ ಒಟ್ಟಿಗೆ ತೀರ ಹೆಚ್ಚು ಸಾಲು ತೆರೆದಿದ್ದೀರಿ. ತಿಂಗಳಿಗೊಮ್ಮೆ ಹದಿನಾರು ಡ್ರಿಪ್ಪರಿನಡಿ ಲೋಟ ಇಡಿ. ಗಂಟೆಗೆ 2 ಲೀಟರಿನದಾದರೆ 3 ನಿಮಿಷಕ್ಕೆ 100 ಮಿ.ಲೀ. ಸಿಗಬೇಕು. ಅತಿ ಕಡಿಮೆ ಬಂದ ನಾಲ್ಕರ ಸರಾಸರಿ ಒಟ್ಟು ಸರಾಸರಿಯ ಶೇ. 80ಕ್ಕಿಂತ ಕೆಳಗಿಳಿದರೆ ಮತ್ತೆ ಕ್ಲೋರಿನ್, ಮತ್ತೆ ತೊಳೆತ.

ಆರೋಗ್ಯದ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ವಿವೇಕದ್ದು. ಎಲ್ಲ ಹೊರೆಯನ್ನೂ ಘಟಕದ ಮೇಲೆ ಹಾಕದೆ ತಡೆಗಳನ್ನು ಒಂದರ ಮೇಲೊಂದು ಕೂಡಿಸುತ್ತದೆ: ನೆಲದಿಂದ ಎತ್ತರದಲ್ಲಿ ಕಾಯಿ ಬಿಡುವ ಬೆಳೆಗೆ ಹನಿ ನೀರಾವರಿ ಮಾಡಿದರೆ ರೋಗಾಣು ಹತ್ತು ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ, ನೆಲಕ್ಕೆ ತಾಗಿದ ಬೆಳೆಗೆ ನೂರರಲ್ಲೊಂದು, ಸಿಪ್ಪೆ ಸುಲಿದರೆ ಮತ್ತೆ ನೂರರಲ್ಲೊಂದು, ತೊಳೆದರೆ ಹತ್ತರಲ್ಲೊಂದು. ಕೊಯ್ಲಿಗೆ ಕೆಲವು ದಿನ ಮುಂಚೆ ನೀರು ನಿಲ್ಲಿಸಿದರೆ ಬಿಸಿಲೂ ಕೆಲಸ ಮಾಡುತ್ತದೆ. ಜಂತು ಮೊಟ್ಟೆ ಲೀಟರಿಗೆ ಒಂದಕ್ಕಿಂತ ಹೆಚ್ಚಿರಬಾರದು. ಸಾಮಾನ್ಯ ಪ್ರಮಾಣದ ಕ್ಲೋರಿನ್‌ಗೆ ಅವು ಸಾಯುವುದಿಲ್ಲ, ಸೋಸಿ ಇಲ್ಲವೇ ತಂಗಿಸಿಯೇ ತೆಗೆಯಬೇಕು. ಹಸಿಯಾಗಿ ತಿನ್ನುವ ಸೊಪ್ಪಿಗೂ ಈ ನೀರು ಆಗುತ್ತದೆ, ಆದರೆ ಸೋಸಿ ಸೋಂಕು ಕಳೆದದ್ದಾಗಿರಬೇಕು. ಕ್ಯಾಲಿಫೋರ್ನಿಯಾದ ಕ್ಯಾಸ್ಟ್ರೋವಿಲ್ ಸುತ್ತಮುತ್ತ 1998ರಿಂದ ಅಂಥ ನೀರಲ್ಲೇ ಲೆಟಿಸ್, ಸ್ಟ್ರಾಬೆರಿ ಬೆಳೆಯುತ್ತಿದ್ದಾರೆ. ಐರೋಪ್ಯ ಒಕ್ಕೂಟದಲ್ಲಿ 2023ರಿಂದ ಜಾರಿಯಲ್ಲಿರುವ ನಿಯಮದಂತೆ ಈ ದರ್ಜೆಯ ನೀರಿನ 100 ಮಿ.ಲೀ.ನಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) 10ಕ್ಕಿಂತ ಹೆಚ್ಚಿರುವಂತಿಲ್ಲ. ಪೈಪಿಗೆ ನೇರಳೆ ಬಣ್ಣ ಬಳಿಯಿರಿ. ಕುಡಿಯುವ ನೀರಿನ ಲೈನಿಗೆ ಅದನ್ನು ಯಾವ ವಾಲ್ವಿನ ಮೂಲಕವೂ ಜೋಡಿಸಬೇಡಿ. ವಾಲ್ವ್ ಎಂದಾದರೂ ಸೋರುತ್ತದೆ.

ಬೆಳೆ ಮುಗಿದ ಮೇಲೆ 30, 60, 90 ಸೆಂ.ಮೀ. ಆಳದ ಮಣ್ಣು ಬೇರೆ ಬೇರೆ ಚೀಲದಲ್ಲಿ ಪರೀಕ್ಷೆಗೆ ಕೊಡಿ. ಕೆಳಗೆ ಹೋದಂತೆ ಉಪ್ಪು ಹೆಚ್ಚುತ್ತಿದ್ದರೆ ತೊಳೆತ ಸರಿಯಾಗಿದೆ, ಮೇಲೇ ಹೆಚ್ಚಿದ್ದರೆ ನೀರು ಸಾಲದೆ ಬಂದಿದೆ. ಡ್ರಿಪ್ಪರಿನ ಸುತ್ತ ಒದ್ದೆ ಮುಗಿಯುವ ಅಂಚಿನಲ್ಲಿ ಬಿಳಿ ಉಂಗುರದಂತೆ ಕಾಣುವುದು ಅಲ್ಲಿಗೆ ತಳ್ಳಲ್ಪಟ್ಟ ಉಪ್ಪು. ಹಂಗಾಮಿನ ನಡುವೆ ತುಂತುರು ಮಳೆ ಬಂದರೆ ಆ ಉಂಗುರ ಕರಗಿ ನೇರ ಬೇರಿಗೆ ಇಳಿದು, ಒಂದೆರಡು ದಿನದಲ್ಲಿ ಗಿಡ ಬಾಡುತ್ತದೆ. ಅದಕ್ಕೇ ಸಣ್ಣ ಮಳೆ ಬಂತೆಂದು ಡ್ರಿಪ್ ನಿಲ್ಲಿಸಬೇಡಿ; ಉಪ್ಪನ್ನು ಬುಡದಿಂದ ಆಚೆಗೇ ತಳ್ಳುತ್ತಿರಲು, ಮಳೆ ಜೋರಾಗಿ ನೆಲ ಚೆನ್ನಾಗಿ ನೆನೆಯುವವರೆಗೆ ಓಡಿಸುತ್ತಿರಿ.