ಆಂಪ್ಲಿಫೈಯರ್ ಶ್ರುತಿ ಇಳಿಸಿಕೊಂಡ ದಿನ

ಪುಷ್ಯ ಮಳೆ ಹಿಡಿದು ನಾಲ್ಕನೆಯ ದಿನ, ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಜಗಲಿಯಲ್ಲಿರುವ ಹಳೆಯ ಆಂಪ್ಲಿಫೈಯರ್ ಹಾಡಿನ ನಡುವೆ ಗುಂಯ್‌ಗುಡತೊಡಗಿತು. ತೊಂಬತ್ತರ ದಶಕದಲ್ಲಿ ಅಪ್ಪ ಪೇಟೆಯ ರೇಡಿಯೋ ರಿಪೇರಿಯವರೊಬ್ಬರಿಂದ ಹೇಳಿ ಕಟ್ಟಿಸಿದ್ದ ಪೆಟ್ಟಿಗೆಯದು. ಮೇಲೆ ಯಾವ ಹೆಸರೂ ಇಲ್ಲ. ಒಳಗೆ ಎರಡು ಕೈಗಳಲ್ಲಿ ಎತ್ತಬೇಕಾದಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಇದೆ. ಒಂದು ಕಾಲಕ್ಕೆ ತಾಳಮದ್ದಲೆಯ ಕ್ಯಾಸೆಟ್ಟುಗಳನ್ನೂ ಭದ್ರಾವತಿ ಆಕಾಶವಾಣಿಯನ್ನೂ ಕೇಳಿಸುತ್ತಿದ್ದ ಅದು ಈಗ ಅಮ್ಮನ ಮೊಬೈಲಿನಿಂದ ಬರುವ ಕಛೇರಿಗಳನ್ನು ಕೇಳಿಸುತ್ತದೆ.

ಬೆಳಿಗ್ಗೆ ಸ್ವಿಚ್ ಹಾಕಿದಾಗ ಎಲ್ಲವೂ ಸರಿಯಿರುತ್ತಿತ್ತು. ಹದಿನೈದಿಪ್ಪತ್ತು ನಿಮಿಷ ಕಳೆದ ಮೇಲೆ, ಯಾರೋ ದೂರದಲ್ಲಿ ಅಡಿಕೆ ಸುಲಿಯುವ ಯಂತ್ರ ಓಡಿಸುತ್ತಿದ್ದಾರೇನೋ ಎಂಬಂತೆ ಸದ್ದು ಏಳುತ್ತಿತ್ತು. ವಾಲ್ಯೂಮನ್ನು ಪೂರ್ತಿ ಇಳಿಸಿ ನೋಡಿದೆ, ಸದ್ದು ಕದಲಲಿಲ್ಲ. ಹಿಂದಿನ ವೈರನ್ನು ಕಿತ್ತು ನೋಡಿದೆ, ಆಗಲೂ ಕದಲಲಿಲ್ಲ. ಅಲ್ಲಿಗೆ, ಅದು ಮೊಬೈಲಿನಿಂದಲೋ ವೈರಿನಿಂದಲೋ ಒಳನುಗ್ಗಿದ ಸದ್ದಲ್ಲ, ಪೆಟ್ಟಿಗೆಯೊಳಗಿನ ಪವರ್ ಸಪ್ಲೈನಲ್ಲೇ ಹುಟ್ಟಿದ್ದು ಎಂಬುದು ಖಚಿತವಾಯಿತು. ಇಷ್ಟರವರೆಗೆ ನನ್ನ ತರ್ಕ ಸರಿಯಾಗಿತ್ತು. ತಪ್ಪಿದ್ದು ಇದರ ಮುಂದಿನ ಹೆಜ್ಜೆಯಲ್ಲಿ.

ಮುಚ್ಚಳ ತೆಗೆದಾಗ ಹಲ್ಲಿಯ ಹಿಕ್ಕೆ ಮತ್ತು ಬೂಷ್ಟಿನ ನಡುವೆ ಮೊದಲು ಕಣ್ಣಿಗೆ ಬಿದ್ದದ್ದು ವಿದ್ಯುತ್ತನ್ನು ತುಂಬಿಟ್ಟುಕೊಂಡು ಅದರ ಏರಿಳಿತ ತಗ್ಗಿಸುವ ಎರಡು ದಪ್ಪ ಕೆಪಾಸಿಟರುಗಳು, 4700 ಮೈಕ್ರೋಫ್ಯಾರಡ್, 50 ವೋಲ್ಟಿನವು. ಅವುಗಳ ಬುಡದಲ್ಲಿ ಕಂದು ಬಣ್ಣದ ಅಂಟು ಪದಾರ್ಥ ಹರಡಿಕೊಂಡಿತ್ತು. ಕೆಪಾಸಿಟರ್ ಸೋರಿದೆ, ವಯಸ್ಸಾಗಿ ಒಣಗಿದೆ, ಅದಕ್ಕೇ ಗುಂಯ್ ಎನ್ನುತ್ತಿದೆ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ಮೀಟರನ್ನು ಮುಟ್ಟಲೇ ಇಲ್ಲ. ಅರ್ಧ ಕಲಿತವರಿಗೆ ಬರುವ ರೋಗವಿದು: ಯಾವ ಭಾಗ ಹೆಚ್ಚಾಗಿ ಕೆಡುತ್ತದೆಂದು ಕೇಳಿರುತ್ತೇವೆಯೋ ಅದನ್ನೇ ಕೆಟ್ಟದ್ದೆಂದು ಕಾಣುತ್ತೇವೆ.

ಮರುದಿನ ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆ. ಮಂಡಗದ್ದೆಯಲ್ಲಿ ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿತ್ತು, ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ನೆನೆಯುತ್ತ ಕೂತಿದ್ದವು. ಕೆಪಾಸಿಟರ್ ತಂದು, ಹಳೆಯದನ್ನು ಬಿಚ್ಚಿ, ಹೊಸದನ್ನು ಬೆಸೆದು, ಸ್ವಿಚ್ ಹಾಕುವ ಮೊದಲು 60 ವ್ಯಾಟಿನ ತಂತಿ ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಿದೆ. ಎಲ್ಲಾದರೂ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿದು ಆಂಪ್ಲಿಫೈಯರನ್ನು ಉಳಿಸುತ್ತದೆ. ಎಲ್ಲ ಸರಿಯಿದ್ದರೆ ಕೆಪಾಸಿಟರುಗಳು ತುಂಬುವಷ್ಟು ಹೊತ್ತು ಮಿಂಚಿ ಮಂಕಾಗುತ್ತದೆ. ಬಲ್ಬು ಮಿಂಚಿ ಮಂಕಾಯಿತು. ಬಲ್ಬು ತೆಗೆದು ನೇರವಾಗಿ ಕರೆಂಟು ಕೊಟ್ಟೆ, ಸ್ಪೀಕರಿನಲ್ಲಿ ಸದ್ದಿಲ್ಲ. ಗೆದ್ದೆನೆಂದುಕೊಂಡು ಕಾಫಿ ಕುಡಿಯಲು ಒಳಗೆ ಹೋದೆ. ಲೋಟ ತೊಳೆದಿಡುವಷ್ಟರಲ್ಲಿ ಜಗಲಿಯಿಂದ ಅದೇ ಗುಂಯ್.

ಆಗ ದಾರಿ ತೋರಿಸಿದ್ದು ಅಮ್ಮ. ಚಿಕ್ಕಂದಿನಲ್ಲಿ ಸಂಗೀತ ಕಲಿತವಳು, ಈಗಲೂ ಸಂಜೆ ಹಾರ್ಮೋನಿಯಂನ ಐದನೆಯ ಬಿಳಿ ಮನೆಗೆ ಶ್ರುತಿ ಹಿಡಿದು ಹಾಡಿಕೊಳ್ಳುವವಳು. ಅವಳು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ, "ಇದು ಮೊದಲಿನ ಗುಂಯ್ ಅಲ್ಲ ಕಣೋ. ಅದು ನನ್ನ ಷಡ್ಜದ ಹತ್ತಿರ, ಕೆಳಗಿನ ಸ್ಥಾಯಿಯಲ್ಲಿ ಇರ್ತಿತ್ತು. ಇದು ಅದಕ್ಕೂ ಒಂದು ಸ್ಥಾಯಿ ಕೆಳಗಿದೆ," ಎಂದಳು.

ಮೊದಲಿನದು ಎಂದು ಅವಳು ಹೇಳಿದ್ದು, ಸ್ಪೀಕರಿಗೆ ಕಿವಿಯಿಟ್ಟರೆ ಮಾತ್ರ ಕೇಳಿಸುತ್ತಿದ್ದ, ಆ ಪೆಟ್ಟಿಗೆಗೆ ಹುಟ್ಟಿನಿಂದಲೇ ಇದ್ದ ಸಣ್ಣ ಝೇಂಕಾರವನ್ನು. ಸ್ಪೀಕರಿನ ಪಕ್ಕದಲ್ಲೇ ಹತ್ತಿ ಹೊಸೆಯುತ್ತ ವರ್ಷಾನುಗಟ್ಟಲೆ ಕೂತವಳಿಗೆ ಅದು ಪರಿಚಿತ. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಅವಳ ಮಾತು ತಲೆಯೊಳಗೆ ಇಳಿಯಲು ಒಂದು ನಿಮಿಷ ಬೇಕಾಯಿತು. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹಿಂದುಮುಂದಾಗುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ನಡುವೆ ಸೊನ್ನೆಯಿರುವ 24-0-24 ವೋಲ್ಟಿಗೆ ಇಳಿಸುತ್ತದೆ. ಮುಂದೆ, ಕರೆಂಟನ್ನು ಒಂದು ದಿಕ್ಕಿಗೆ ಮಾತ್ರ ಹರಿಯಬಿಡುವ ನಾಲ್ಕು ಡಯೋಡುಗಳು ಅಲೆಯ ಎರಡೂ ಅರ್ಧಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ ಕೆಪಾಸಿಟರುಗಳನ್ನು ತುಂಬುತ್ತವೆ. ಎರಡು ಡಯೋಡುಗಳ ಪಾಲಿಗೆ ಪ್ಲಸ್ 33 ವೋಲ್ಟಿನ ದಾರಿ, ಇನ್ನೆರಡರ ಪಾಲಿಗೆ ಮೈನಸ್ 33 ವೋಲ್ಟಿನ ದಾರಿ. ಎರಡೂ ಅರ್ಧಗಳು ಬಳಕೆಯಾಗುವುದರಿಂದ ಪ್ರತಿ ಕೆಪಾಸಿಟರೂ ಸೆಕೆಂಡಿಗೆ 100 ಬಾರಿ ತುಂಬಿಕೊಳ್ಳುತ್ತದೆ. ಉಳಿದ ಏರಿಳಿತ ಸ್ಪೀಕರಿಗೆ ಸೋರಿದರೂ 100 ಹರ್ಟ್ಝ್‌ನ ಸದ್ದಾಗಿಯೇ ಸೋರಬೇಕು. ಕೆಪಾಸಿಟರ್ ಒಣಗಿದರೆ ಆ ಸದ್ದು ಜೋರಾದೀತು, ಅದರ ಸ್ವರ ಇಳಿಯದು. ಒಂದು ಸ್ಥಾಯಿ ಇಳಿಯುವುದೆಂದರೆ ಆವರ್ತನ ಅರ್ಧವಾಗುವುದು, ಅಂದರೆ 50. ಎಲ್ಲೋ ಒಂದು ದಾರಿಯಲ್ಲಿ ಒಂದು ಡಯೋಡು ಕೆಲಸ ಬಿಟ್ಟಿದೆ. ಅಲೆಯ ಅರ್ಧಭಾಗ ವ್ಯರ್ಥವಾಗುತ್ತಿದೆ. ಟ್ರಾನ್ಸ್‌ಫಾರ್ಮರೇ ಗುರುಗುಟ್ಟುತ್ತ ಎಂದಿಗಿಂತ ಹೆಚ್ಚು ಬಿಸಿಯಾಗುತ್ತಿದ್ದುದಕ್ಕೂ ಇದೇ ಕಾರಣ. ಒಂದು ಡಯೋಡು ಇಲ್ಲದಾಗ ಅದರ ಸುರುಳಿಯಲ್ಲಿ ಎರಡು ದಿಕ್ಕಿನ ಕರೆಂಟು ಸಮವಾಗಿರುವುದಿಲ್ಲ. ಮಳೆಗಾಲದಲ್ಲಿ ತೋಟದ ಪಂಪುಗಳು ನಿಂತಿರುವುದರಿಂದ ವೋಲ್ಟೇಜ್ ಹೆಚ್ಚಾಗಿದೆ ಎಂದು ನಾನು ಅದಕ್ಕೊಂದು ವಿವರಣೆಯನ್ನೂ ಕೊಟ್ಟುಕೊಂಡಿದ್ದೆ.

ಪ್ಲಗ್ ಕಿತ್ತು, ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತನ್ನು ಒಂದು ಕಿಲೋ ಓಮ್‌ನ ದಪ್ಪ ರೆಸಿಸ್ಟರಿನ ಮೂಲಕ ಅರ್ಧ ನಿಮಿಷ ಇಳಿಸಿ, ಡಯೋಡುಗಳನ್ನು ಮೀಟರಿನಲ್ಲಿ ಒಂದೊಂದಾಗಿ ಪರೀಕ್ಷಿಸಿದೆ. ನಾಲ್ಕೂ 0.5 ವೋಲ್ಟಿನ ಆಸುಪಾಸು ತೋರಿಸಿದವು. ನಾಲ್ಕೂ ಚೆನ್ನಾಗಿದ್ದವು! ಅಮ್ಮನ ಕಿವಿಯನ್ನೇ ಒಂದು ಗಳಿಗೆ ಅನುಮಾನಿಸಿದೆ. ಅಷ್ಟರಲ್ಲಿ, ರೆಸಿಸ್ಟರ್ ಹುಡುಕುತ್ತ ಅರ್ಧ ಗಂಟೆ ಕಳೆದು ಪೆಟ್ಟಿಗೆ ತಣ್ಣಗಾಗಿದೆಯೆಂಬುದು ನೆನಪಾಯಿತು. ಬಿಸಿಯಾದಾಗ ಮಾತ್ರ ಬರುವ ಕಾಯಿಲೆಯನ್ನು ತಣ್ಣಗಿರುವಾಗ ಹುಡುಕುತ್ತಿದ್ದೆ.

ಮತ್ತೆ ಸ್ವಿಚ್ ಹಾಕಿ, ಮೀಟರಿನ ಕಪ್ಪು ವೈರನ್ನು ನಡುವಿನ ಸೊನ್ನೆಗೆ ಸಿಕ್ಕಿಸಿ, ಕೆಂಪು ವೈರಿಗೆ ಒಂದು ಮೈಕ್ರೋಫ್ಯಾರಡಿನ ಪ್ಲಾಸ್ಟಿಕ್ ಕೆಪಾಸಿಟರನ್ನು ಸರಣಿಯಲ್ಲಿ ಕಟ್ಟಿ ಕಾದೆ. ಹಾಗೆ ಕಟ್ಟದಿದ್ದರೆ ಕೆಲವು ಅಗ್ಗದ ಮೀಟರುಗಳು ಎಸಿ, ಅಂದರೆ ಏರಿಳಿತದ, ಅಳತೆಯಲ್ಲಿಯೂ ಡಿಸಿಯನ್ನು, ಅಂದರೆ ಒಂದೇ ದಿಕ್ಕಿನ ಸ್ಥಿರ ವೋಲ್ಟೇಜನ್ನು, ಸೇರಿಸಿ ಸುಳ್ಳು ಅಂಕಿ ತೋರಿಸುತ್ತವೆ. ಮೊದಲಿಗೆ ಎರಡೂ ಕಡೆ 0.1 ವೋಲ್ಟಿನ ಏರಿಳಿತವಿತ್ತು. ಹದಿನೇಳನೆಯ ನಿಮಿಷಕ್ಕೆ ಸದ್ದು ಎದ್ದಿತು. ಪ್ಲಸ್ ಕಡೆ ಇನ್ನೂ 0.1. ಮೈನಸ್ ಕಡೆ 0.2. ಡಿಸಿಯಲ್ಲಿ ಮಾತ್ರ ಎರಡೂ ಕಡೆ 33ರ ಹತ್ತಿರವೇ ಇತ್ತು. ಬರೀ ಡಿಸಿ ಅಳೆದಿದ್ದರೆ ನನಗೆ ಏನೂ ತಿಳಿಯುತ್ತಿರಲಿಲ್ಲ.

ಒಣಗಿದ ಬಿದಿರಿನ ಕಡ್ಡಿಯೊಂದನ್ನು ತೆಗೆದುಕೊಂಡು, ಇನ್ನೊಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಮೈನಸ್ ಕಡೆಯ ಡಯೋಡುಗಳನ್ನು ಮೆಲ್ಲಗೆ ಒತ್ತಿದೆ. ಎರಡನೆಯದನ್ನು ಒತ್ತಿದ ಕೂಡಲೇ ಸದ್ದು ನಿಂತಿತು. ಬಿಟ್ಟೆ, ಬಂತು. ಒತ್ತಿದೆ, ಹೋಯಿತು. ಬೋರ್ಡು ಬಿಚ್ಚಿ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿದಾಗ, ಆ ಡಯೋಡಿನ ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲಿನಷ್ಟು ತೆಳುವಾದ ಉಂಗುರದಂಥ ಬಿರುಕು ಕಂಡಿತು. 1ಎನ್5408 ಡಯೋಡಿನ ಕಾಲು ದಪ್ಪ, ಮೈ ಬಿಸಿ. ಅದನ್ನು ಬೋರ್ಡಿಗೆ ಅಂಟಿಸಿದಂತೆ ಕೂರಿಸಿದ್ದರು. ವರ್ಷಗಟ್ಟಲೆ ಕಾದು ತಣಿದು ಬೆಸುಗೆ ಸೀಳಿತ್ತು. ತಣ್ಣಗಿದ್ದಾಗ ಲೋಹಕ್ಕೆ ಲೋಹ ತಾಗುತ್ತಿತ್ತು, ಕಾದಾಗ ಬಿಡುತ್ತಿತ್ತು.

ಹಳೆಯ ಬೆಸುಗೆಯನ್ನು ಪೂರ್ತಿ ಹೀರಿ ತೆಗೆದು, ನಾಲ್ಕೂ ಡಯೋಡುಗಳನ್ನು ಗಾಳಿಯಾಡುವಂತೆ ಅರ್ಧ ಬೆರಳು ಎತ್ತರಿಸಿ ಹೊಸದಾಗಿ ಬೆಸೆದೆ. ಖರ್ಚಾದದ್ದು ಒಂದು ಗೇಣು ಬೆಸುಗೆ ತಂತಿ. ಹಳೆಯ ಕೆಪಾಸಿಟರುಗಳನ್ನು ಆಮೇಲೆ ಅಳೆದಾಗ ಎರಡೂ 4000 ಮೈಕ್ರೋಫ್ಯಾರಡಿನ ಮೇಲಿದ್ದವು, ಆ ವಯಸ್ಸಿಗೆ ಆರೋಗ್ಯವಂತರೇ. ಬುಡದ ಕಂದು ಪದಾರ್ಥ ಸೋರಿಕೆಯಲ್ಲ, ಅಲುಗದಿರಲೆಂದು ಕಟ್ಟಿದವರು ಹಚ್ಚಿದ್ದ ಅಂಟು, ಹಳತಾಗಿ ಬಣ್ಣ ತಿರುಗಿತ್ತು.

ಆ ಸಂಜೆ ಎರಡು ಗಂಟೆ ಓಡಿಸಿದರೂ ಸದ್ದು ಬರಲಿಲ್ಲ. ಅಮ್ಮ ಹಾರ್ಮೋನಿಯಂನ ತನ್ನ ಮನೆಯನ್ನು ಒತ್ತಿ ಹಿಡಿದು, ಸ್ಪೀಕರಿಗೆ ಕಿವಿಯಿಟ್ಟು ಹಳೆಯ ಝೇಂಕಾರವನ್ನು ಹುಡುಕಿಕೊಂಡಳು. "ಬಂತು, ಜಾಗಕ್ಕೆ ಬಂತು," ಎಂದವಳು, "ಆದರೆ ಮೊದಲಿಂದಲೂ ಇದು ನನ್ನ ಶ್ರುತಿಗಿಂತ ಸ್ವಲ್ಪ ಮೇಲೇ. ಹೇಗೂ ಬಿಚ್ಚಿದ್ದೀಯಲ್ಲ, ಅದನ್ನೂ ಇಳಿಸೋಕೆ ಆಗಲ್ವಾ?" ಎಂದು ಕೇಳಿದಳು. ಅವಳ ಷಡ್ಜ 196. ಅದರ ಕೆಳಗಿನದು 98. ನಮ್ಮ ಪೆಟ್ಟಿಗೆಯದು 100. ಲೆಕ್ಕ ಹಾಕಿ ನೋಡಿ, ಅದಕ್ಕೆ ಜೋಗದ ಯಂತ್ರಗಳಿಂದ ಹಿಡಿದು ದೇಶದ ಜಾಲದಲ್ಲಿರುವ ಎಲ್ಲವನ್ನೂ 49ಕ್ಕೆ ನಿಧಾನಿಸಬೇಕಾಗುತ್ತದೆ ಎಂದೆ. "ಹಾಗಾದರೆ ಬೇಡ ಬಿಡು," ಎಂದು ಅಮ್ಮ ಹಾರ್ಮೋನಿಯಂ ಮುಚ್ಚಿದಳು.