ಸುಮ್ನೆ ಆಗ್ಬಿಡ್ತೀಯ

ಗೀರು ಬಿದ್ದಿದ್ದು ಯಾವಾಗ ಅಂತ ನನಗೆ ಗೊತ್ತೇ ಇರಲಿಲ್ಲ. ಮೊನ್ನೆ ಶನಿವಾರ ಟೈರಿನ ಗಾಳಿ ನೋಡೋಣ ಅಂತ ಬಗ್ಗಿದಾಗ ಕಂಡಿತು. ಎಡಗಡೆಯ ಮುಂದಿನ ಚಕ್ರ. ಅಲಾಯ್ ವೀಲಿನ ಅಂಚಿನಲ್ಲಿ ಗೇಣುದ್ದ ಬಣ್ಣ ಕಿತ್ತುಹೋಗಿ ಒಳಗಿನ ಲೋಹ ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು. ಬೆರಳಾಡಿಸಿದರೆ ಗರಗಸದ ಹಾಗೆ ತರಿತರಿ. ಮನೆಯಲ್ಲಿ ಕಾರು ಓಡಿಸುವವರು ಇಬ್ಬರೇ. ನಾನು, ಮತ್ತು ಲೈಸೆನ್ಸ್ ಸಿಕ್ಕಿ ಮೂರು ತಿಂಗಳಾದ ಮಗಳು. ಪತ್ತೇದಾರಿಕೆಯೇನೂ ಬೇಕಿರಲಿಲ್ಲ.

"ಯಾಕೆ ಹೇಳಲಿಲ್ಲ?" ಅಂದೆ. ದನಿ ಏರಿಸಲಿಲ್ಲ, ದೇವರಾಣೆ.

"ಹೇಳಿದ್ರೆ ನೀನು ಬೈಯಲ್ಲ ಅಪ್ಪ. ಸುಮ್ನೆ ಆಗ್ಬಿಡ್ತೀಯ. ಅದೇ ಕಷ್ಟ."

ಅಷ್ಟು ಹೇಳಿ ಒಳಗೆ ಹೋದಳು. ನಾನು ಚಕ್ರದ ಪಕ್ಕ ಸುಮ್ಮನೆ ನಿಂತಿದ್ದೆ. ಅವಳು ಹೇಳಿದ ಹಾಗೇ.

ಅರ್ಧ ಗಂಟೆಯಲ್ಲಿ ಚಕ್ರ ಬಿಚ್ಚಲು ಕೂತೆ. ಕೋಪ ಬಂದಾಗ ಕೈಗೆ ಕೆಲಸ ಕೊಡುವುದು ನನ್ನ ಹಳೆಯ ಅಭ್ಯಾಸ. ಪಕ್ಕದ ಮನೆಯವರು ಎಂದಿನಂತೆ ಕೈ ಹಿಂದೆ ಕಟ್ಟಿಕೊಂಡು ಬಂದು ನಿಂತರು. "ಚಕ್ರ ಇರೋದೇ ಉಜ್ಜಿಸ್ಕೊಳ್ಳೋಕೆ ಸಾರ್, ಯಾರು ಬಗ್ಗಿ ನೋಡ್ತಾರೆ ಬಿಡಿ" ಅಂದರು. ಆಮೇಲೆ ತಾವೇ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಐದು ನಿಮಿಷ ನೋಡಿದರು. ಒಳ್ಳೆಯ ಮನುಷ್ಯ. ಕೈಗೆ ಮಸಿ ತಾಗುವ ಕೆಲಸ ಮಾತ್ರ ಅವರಿಗೆ ಜನ್ಮಕ್ಕಾಗದು.

ಮೊದಲು ನೋಡಬೇಕಾದದ್ದು ಬಿರುಕು. ರಿಮ್ ಎಲ್ಲಾದರೂ ಸೀಳಿದ್ದರೆ ಅಥವಾ ಬಗ್ಗಿದ್ದರೆ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಅದರ ಮೇಲೆ ಬಣ್ಣ ಹೊಡೆಯುವುದು ಅಂದರೆ ಅಪಾಯವನ್ನು ಚೆಂದ ಮಾಡಿ ಮುಚ್ಚಿಟ್ಟ ಹಾಗೆ. ಲೇತ್‌ನಲ್ಲಿ ಹೆರೆದು ಕನ್ನಡಿಯಂತೆ ಹೊಳಪು ಕೊಟ್ಟ ಡೈಮಂಡ್ ಕಟ್ ಚಕ್ರಗಳೂ ಅಷ್ಟೇ, ಸ್ಯಾಂಡ್ ಪೇಪರಿಗೆ ಆ ಹೊಳಪು ಬರುವುದಿಲ್ಲ. ನನ್ನದು ಸಾದಾ ಬೆಳ್ಳಿ ಬಣ್ಣದ್ದು. ಗೀರೂ ಮೇಲುಮೇಲಿನದು. ಬಚಾವಾದೆ.

ಸೋಪು ನೀರು ಹಾಕಿ ಬ್ರಷ್‌ನಲ್ಲಿ ತಿಕ್ಕಿದರೆ ಬ್ರೇಕಿನ ಕಪ್ಪು ಪುಡಿ ಮೂರು ಬಕೆಟ್ ನೀರು ಕುಡಿಯಿತು. ಒಣಗಿಸಿ, ಎಣ್ಣೆ ಜಿಡ್ಡು ಹೋಗಲಿ ಅಂತ ಥಿನ್ನರ್ ಬಟ್ಟೆಯಲ್ಲಿ ಒರೆಸಿದೆ. ಆಮೇಲೆ ಉಜ್ಜುವ ಕೆಲಸ. 120ನೇ ನಂಬರಿನ ಸ್ಯಾಂಡ್ ಪೇಪರಿನಲ್ಲಿ ತರಿ ಇಳಿಸಿ, 240, ನಂತರ 400. ನಂಬರು ಏರಿದಷ್ಟೂ ಪೇಪರ್ ನಯ. ನಡುವಿನದನ್ನು ಹಾರಿಸಿದರೆ ಒರಟು ಪೇಪರಿನ ಗೆರೆಗಳು ಬಣ್ಣದ ಕೆಳಗಿಂದ ಇಣುಕುತ್ತವೆ. ಮುಖಕ್ಕೆ ಮಾಸ್ಕ್ ಇತ್ತು, ಆದರೂ ಹುಬ್ಬೆಲ್ಲ ಬೂದಿ. ಉಜ್ಜುವ ಕೆಲಸಕ್ಕೆ ತಲೆ ಬೇಡ ನೋಡಿ, ಹಾಗಾಗಿ ತಲೆ ಬೇರೆ ಕಡೆ ಹೋಗುತ್ತದೆ. ಕೈ ಮುಂದೆ ಹೋದಾಗ "ಬೈಯಲ್ಲ ಅಪ್ಪ." ಹಿಂದೆ ಬಂದಾಗ "ಸುಮ್ನೆ ಆಗ್ಬಿಡ್ತೀಯ." ಒಂದು ಗಂಟೆ ಇದೇ.

ನನ್ನ ಅಪ್ಪ ಬೈಯುತ್ತಿದ್ದರು. ಬೀದಿಯ ಕೊನೆಗೂ ಕೇಳಿಸುವಂಥ ಬೈಗುಳ. ಅರ್ಧ ಗಂಟೆ ಕಳೆದರೆ ಏನೂ ಆಗಿಲ್ಲವೆಂಬಂತೆ ಊಟಕ್ಕೆ ಕರೆಯುತ್ತಿದ್ದರು. ನನ್ನ ಮಕ್ಕಳ ಮೇಲೆ ಕೂಗಾಡಲ್ಲ ಅಂತ ಅಂದೇ ತೀರ್ಮಾನ ಮಾಡಿದ್ದೆ. ಮಾತು ಉಳಿಸಿಕೊಂಡೆ ಕೂಡ. ಎಷ್ಟೋ ಕಡೆ ಹೇಳಿಕೊಂಡು ತಿರುಗಿದ್ದೇನೆ, ಮಗಳಿಗೆ ಒಂದು ದಿನ ಗದರಿಲ್ಲ ಅಂತ. ಒಮ್ಮೆ ಅವಳು ಕಡಿಮೆ ಅಂಕ ತಂದು ಎದುರಿಗೆ ನಿಂತಾಗ ನಾನು ಓದುತ್ತಿದ್ದ ನ್ಯೂಸ್ ಪೇಪರಿನ ಹಾಳೆ ತಿರುಗಿಸಿದ್ದೆ. ಅಷ್ಟೇ ಮಾಡಿದ್ದು. ಅವತ್ತು ಅವಳು ಎಷ್ಟು ಹೊತ್ತು ನಿಂತಿದ್ದಳು? ನನಗೆ ನೆನಪಿಲ್ಲ. ಅವಳಿಗೆ ಇರುತ್ತದೆ. ನನ್ನ ಅಪ್ಪನ ಬೈಗುಳಕ್ಕೆ ಒಂದು ಕೊನೆ ಅಂತ ಇತ್ತಲ್ಲ, ಊಟದ ಹೊತ್ತಿಗಾದರೂ ಮುಗಿಯುತ್ತಿತ್ತು.

ಇದನ್ನೆಲ್ಲ ಯೋಚಿಸುತ್ತಾ ಕೂತಿದ್ದಕ್ಕೆ ಕಚ್ಚು ತುಂಬಲು ಮೊದಲ ಸಲ ಕಲೆಸಿದ ಪುಟ್ಟಿ ರಟ್ಟಿನ ಮೇಲೇ ಕಲ್ಲಾಯಿತು. ಪುಟ್ಟಿಗೆ ಅದನ್ನು ಗಟ್ಟಿ ಮಾಡುವ ಹಾರ್ಡ್ನರ್ ಬೇಕಾಗುವುದು ನೂರಕ್ಕೆ ಎರಡು ಪಾಲಿನಷ್ಟು. ಒಂಚೂರು ಜಾಸ್ತಿ ಬಿದ್ದರೂ ನೋಡುನೋಡುತ್ತಲೇ ಗಟ್ಟಿ. ಎರಡನೇ ಸಲ ಸ್ವಲ್ಪವೇ ಕಲೆಸಿ, ಆಳದ ಎರಡು ಕಚ್ಚುಗಳಿಗೆ ಮೆತ್ತಿದೆ. ಒಣಗಿದ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಬೇಕು. ಕಣ್ಣಿಗೆ ಕಾಣದ ಏರುತಗ್ಗು ಬೆರಳಿಗೆ ಸಿಗುತ್ತದೆ.

ಟೈರಿಗೆ ಬಣ್ಣ ಸಿಡಿಯದ ಹಾಗೆ ಏನು ಮಾಡುವುದು ಅಂತ ಟೇಪು ಹರಿಯುತ್ತಿದ್ದಾಗ ಮಗಳು ಬಂದಳು. ಕೈಯಲ್ಲಿ ಇಸ್ಪೀಟಿನ ಕಟ್ಟು. ಏನೂ ಹೇಳದೆ ಕುಕ್ಕರಗಾಲಲ್ಲಿ ಕೂತು, ರಿಮ್ಮಿಗೂ ಟೈರಿಗೂ ನಡುವಿನ ಸಂದಿಯಲ್ಲಿ ಒಂದೊಂದೇ ಎಲೆ ಸಿಕ್ಕಿಸುತ್ತಾ ಹೋದಳು. ಒಂದರ ಮೇಲೊಂದು ಅರ್ಧರ್ಧ ಬರುವ ಹಾಗೆ. ರಾಜ, ರಾಣಿ, ಗುಲಾಮ ಎಲ್ಲರೂ ಚಕ್ರದ ಸುತ್ತ ಸೂರ್ಯಕಾಂತಿಯ ಎಸಳಿನಂತೆ ನಿಂತರು. ಎಲ್ಲಿ ಕಲಿತಳೋ ಏನೋ. ಚೆನ್ನಾಗಿದೆ ಅನ್ನಬೇಕು ಅನ್ನಿಸಿತು. ಅನ್ನುವಷ್ಟರಲ್ಲಿ ಎದ್ದು ಹೋಗಿದ್ದಳು.

ಬಣ್ಣಕ್ಕೆ ಮೊದಲು ಹೊಡೆಯುವ ಪ್ರೈಮರ್ ಚೆನ್ನಾಗಿಯೇ ಕೂತಿತು. ಎಡವಿದ್ದು ಬಣ್ಣದಲ್ಲಿ. ಡಬ್ಬಿಯೊಳಗಿನ ಗುಂಡು ಟಕಟಕ ಅನ್ನುವ ಹಾಗೆ ಎರಡು ನಿಮಿಷ ಕುಲುಕಿ, ಗೇಣಿಗಿಂತ ಚೂರು ಜಾಸ್ತಿ ದೂರದಿಂದ ತೆಳ್ಳಗೆ ಹೊಡೆಯಬೇಕು. ಮೊದಲ ಕೋಟ್ ಅರ್ಧ ಕಾಣುತ್ತೆ, ಅರ್ಧ ಕಾಣಲ್ಲ. ಹಾಗೇ ಇರಬೇಕು. ಹತ್ತು ನಿಮಿಷ ಬಿಟ್ಟು ಇನ್ನೊಂದು. ನಾನು ಎರಡನೆಯದಕ್ಕೇ ಮುಚ್ಚಿಬಿಡೋಣ ಅಂತ ಹೋದೆ. ಬಣ್ಣ ದಪ್ಪಗಾಗಿ ಒಂದು ಹನಿ ಕೆಳಗಿಳಿದು ಕಣ್ಣೀರಿನ ಗೆರೆಯ ಹಾಗೆ ನಿಂತಿತು. ಹಸಿಯಿದ್ದಾಗ ಒರೆಸಲು ಹೋದರೆ ಇನ್ನೂ ಕೆಡುತ್ತದೆ. ರಾತ್ರಿಯೆಲ್ಲ ಒಣಗಲು ಬಿಟ್ಟು, ಭಾನುವಾರ ಬೆಳಿಗ್ಗೆ 600ರ ಪೇಪರನ್ನು ನೀರಿಗದ್ದಿ ಆ ಗೆರೆ ಉಜ್ಜಿ, ಮತ್ತೆ ಬಣ್ಣ. ಮೊಬೈಲಿನಲ್ಲಿ ಇದನ್ನೇ ಹನ್ನೆರಡು ನಿಮಿಷದಲ್ಲಿ ಮುಗಿಸುವ ಮಹಾನುಭಾವರು ಒಣಗುವ ಹೊತ್ತನ್ನು ಕತ್ತರಿಸಿ ಬಿಸಾಡಿರುತ್ತಾರೆ. ಇಡೀ ಕೆಲಸ ಇರುವುದೇ ಆ ಹೊತ್ತಿನಲ್ಲಿ. ಕೊನೆಗೆ ಬಣ್ಣ ಕಾಯುವ ಪಾರದರ್ಶಕ ಪದರ, ಕ್ಲಿಯರ್ ಲ್ಯಾಕರ್, ಮೂರು ತೆಳು ಕೋಟ್.

ಮಂಗಳವಾರ ಸಂಜೆ ಚಕ್ರ ಹಾಕಿದೆ. ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡುತ್ತಿದ್ದಾಗ ಮಗಳು ಬಂದು ನೋಡಿದಳು. "ಬೇರೆ ಚಕ್ರಕ್ಕಿಂತ ಇದು ಸ್ವಲ್ಪ ಬೆಳ್ಳಗಿದೆ ಅಲ್ವಾ?" ಅಂದಳು. ಇತ್ತು. ಬಾಯಿ ಮುಚ್ಚಿಕೊಂಡೇ ಇದ್ದೆ, ಆಮೇಲೆ ಜ್ಞಾಪಕ ಬಂದು, ಅಗತ್ಯಕ್ಕಿಂತ ಜೋರಾಗಿ "ಹೌದು, ಇದೆ!" ಅಂದೆ. ಅವಳು ಬೆಚ್ಚಿ ನೋಡಿದಳು. ಹಾಗೇ ಕಾರಿನ ಹಿಂಭಾಗಕ್ಕೆ ಹೋಗಿ ಬಗ್ಗಿದಳು.

"ಅಪ್ಪ, ಇಲ್ಲೂ ಇದೆ. ಇದು ನಾನಲ್ಲ."

"ಗೊತ್ತು."

"ಹೇಗೆ ಗೊತ್ತು?"

ವಿವರಿಸಲು ಶುರು ಮಾಡಿದೆ. ಕಾರು ತಿರುಗುವಾಗ ಹಿಂದಿನ ಚಕ್ರ ಮುಂದಿನದು ಹೋದ ದಾರಿಯಲ್ಲೇ ಬರುವುದಿಲ್ಲ, ಒಳಗಿನಿಂದ ಅಡ್ಡದಾರಿ ಹಿಡಿಯುತ್ತದೆ. ಮೂಲೆಯಲ್ಲಿ ಬೇಗ ಸ್ಟೀರಿಂಗ್ ತಿರುಗಿಸಿದವರ ಹಿಂದಿನ ಚಕ್ರ ಕಲ್ಲಿಗೆ ಉಜ್ಜುತ್ತದೆ. ಹೊಸ ಗೀರು ಹೊಳೆಯುತ್ತದೆ, ಇದು ಬೂದಿ ಬಣ್ಣಕ್ಕೆ ತಿರುಗಿದೆ. ನೀರು ಒಳಗಿಳಿದು ಲ್ಯಾಕರ್ ಕೆಳಗೆ ಬಿಳಿ ಹುಳ ಹರಿದ ಹಾಗೆ ಗೆರೆ ಎದ್ದಿವೆ ನೋಡು, ಅಲ್ಯೂಮಿನಿಯಂ ಹೀಗೇ ಕೆಡುವುದು, ಇಷ್ಟಾಗಬೇಕಾದರೆ ಮೂರು ತಿಂಗಳು ಸಾಲದು. ಪಾಠ ಮಾಡುತ್ತಲೇ ಇದ್ದೆ. ಅವಳು ಕೈಕಟ್ಟಿಕೊಂಡು ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ ನೀನು," ಅಂದಳು.

ಹೋದ ವರ್ಷದ ಒಂದು ಸಂಜೆ. ಕರ್‍ರ್ ಅಂತ ಸದ್ದು ಕೇಳಿದ ಕೂಡಲೇ ರೇಡಿಯೋ ಜೋರು ಮಾಡಿದ್ದೆ.

"ಅಮ್ಮಂಗೂ ಹೇಳಲಿಲ್ವಾ?"

"ಇಲ್ಲ."

ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ನೆಲದ ಮೇಲಿದ್ದ ಜಾಕಿ ಎತ್ತಿಕೊಂಡು ಹಿಂದಿನ ಚಕ್ರದ ಹತ್ತಿರ ಹೋದಳು.

"ಜಾಕಿ ಆಮೇಲೆ," ಅಂದೆ. "ಚಕ್ರ ನೆಲದ ಮೇಲಿರುವಾಗಲೇ ನಟ್ ಸಡಿಲ ಮಾಡ್ಕೋಬೇಕು. ಇಲ್ದಿದ್ರೆ ಅದೂ ಸ್ಪ್ಯಾನರ್ ಜೊತೆ ತಿರುಗುತ್ತೆ."

ಕೈಯಲ್ಲಿದ್ದ ಸ್ಪ್ಯಾನರ್ ಅವಳಿಗೆ ಕೊಟ್ಟೆ.