ಬೋಳು ಟೈರಿನಲ್ಲಿ ಗೆದ್ದ ಏಳನೇ ಪಟ್ಟ

ಟೈರು ಸವೆದರೆ ಗ್ರಿಪ್ ಹೋಗುತ್ತದೆ. ಬೋಳು ಟೈರಿನ ಬೈಕು ಮಳೆಯಲ್ಲಿ ಹೇಗೆ ಜಾರುತ್ತದೆ ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಆದರೆ 2020ರ ನವೆಂಬರ್‌ನಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಫಾರ್ಮುಲಾ ಒನ್ ರೇಸ್ ಈ ಲೆಕ್ಕವನ್ನೇ ತಲೆಕೆಳಗು ಮಾಡಿತು.

ಟ್ರ್ಯಾಕಿಗೆ ಆಗತಾನೇ ಹೊಸ ಡಾಂಬರು ಹಾಕಿದ್ದರು, ಮೇಲೆ ಮಳೆ ಬೇರೆ. ಮರ್ಸಿಡಿಸ್ ತಂಡದಲ್ಲಿದ್ದ ಲೂಯಿಸ್ ಹ್ಯಾಮಿಲ್ಟನ್ ಎಂಟನೇ ಲ್ಯಾಪ್‌ನಲ್ಲಿ ಇಂಟರ್‌ಮೀಡಿಯೆಟ್ ಟೈರು ಹಾಕಿಸಿಕೊಂಡ. ಸಾಧಾರಣ ಒದ್ದೆ ಇರುವಾಗ ಹಾಕುವ, ಗೆರೆ ಇರುವ ಟೈರು ಅದು, ಚಿಕ್ಕದಾಗಿ ಇಂಟರ್. ಅಲ್ಲಿಂದ 58ನೇ ಲ್ಯಾಪ್ ಮುಗಿಯುವ ತನಕ ಅದೇ ಸೆಟ್! ಕೊನೆಗೆ ಗೆರೆಗಳೇ ಇರಲಿಲ್ಲ, ನುಣ್ಣಗೆ ಬೋಳಾಗಿತ್ತು. ಆದರೂ ಅರ್ಧ ನಿಮಿಷಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದು, ಏಳನೇ ವಿಶ್ವ ಚಾಂಪಿಯನ್ ಪಟ್ಟ ಪಡೆದು, ಏಳು ಪಟ್ಟ ಗೆದ್ದಿದ್ದ ಮೈಕೆಲ್ ಶೂಮಾಕರ್ ಸಮಕ್ಕೆ ಬಂದು ನಿಂತ. ಅತ್ತ ಬಹಳ ಹೊತ್ತು ಮುಂದಿದ್ದ ಲ್ಯಾನ್ಸ್ ಸ್ಟ್ರೋಲ್ ನಡುವೆ ಹೊಸ ಇಂಟರ್ ಹಾಕಿಸಿಕೊಂಡು ಒಂಬತ್ತನೇ ಸ್ಥಾನಕ್ಕೆ ಬಿದ್ದ. (ಅವನ ಕಾರಿನ ಮುಂದಿನ ರೆಕ್ಕೆಯ ಅಡಿಭಾಗಕ್ಕೂ ಪೆಟ್ಟಾಗಿತ್ತು ಎಂದು ತಂಡ ಆಮೇಲೆ ಹೇಳಿತು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.)

ಹೊಸ ಟೈರು ಯಾಕೆ ಕೈಕೊಟ್ಟಿತು?

ರೇಸ್ ಟೈರಿನ ಹಿಡಿತ ಬಹುಪಾಲು ಬಿಸಿಯ ಆಟ. ರಬ್ಬರ್ ಹದವಾಗಿ ಕಾದಾಗ ಮೆತ್ತಗಾಗಿ, ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗುಗಳ ಒಳಗೆ ಇಳಿದು ಕೂರುತ್ತದೆ. ತಣ್ಣಗಿದ್ದರೆ ಇಳಿಯುವುದೇ ಇಲ್ಲ, ಮೇಲ್ಮೇಲೆ ಜಾರುತ್ತದೆ. ಹೀಗೆ ಜಾರುವಾಗ ಮೇಲ್ಪದರ ಹರಿದು, ಪೆನ್ಸಿಲ್ ಗೆರೆ ಅಳಿಸುವಾಗ ಬರುವ ಚೂರುಗಳ ಹಾಗೆ ಸುರುಳಿ ಸುರುಳಿಯಾಗಿ ಟೈರಿನ ಮೇಲೇ ಅಂಟಿಕೊಳ್ಳುತ್ತದೆ. ಇದಕ್ಕೆ ಗ್ರೇನಿಂಗ್ ಅನ್ನುತ್ತಾರೆ. ಆಗ ನೆಲಕ್ಕೆ ತಾಗುವುದು ಟೈರಲ್ಲ, ಆ ಚೂರುಗಳು. ಇನ್ನು ಹಿಡಿತ ಎಲ್ಲಿಂದ ಬರಬೇಕು?

ಹೊಸ ಇಂಟರ್‌ನಲ್ಲಿ ಗೆರೆಗಳ ನಡುವಿನ ರಬ್ಬರ್ ತುಂಡುಗಳು ಎತ್ತರವಾಗಿರುತ್ತವೆ. ನೀರು ಕಡಿಮೆಯಾದ ಟ್ರ್ಯಾಕಿನಲ್ಲಿ ಅವು ಪ್ರತಿ ತಿರುವಿನಲ್ಲೂ ಅತ್ತಿತ್ತ ಬಾಗುತ್ತವೆ, ಹರಿಯುತ್ತವೆ. ಈ ಹಂತ ದಾಟಿ ಸವೆದು ತೆಳ್ಳಗಾದ ಟೈರಿನಲ್ಲಿ ಬಾಗುವುದಕ್ಕೆ ಏನೂ ಉಳಿದಿರುವುದಿಲ್ಲ. ಇಡೀ ಅಗಲ ನೆಲಕ್ಕೆ ಕೂರುತ್ತದೆ. ಒಂಥರಾ ಮೆತ್ತನೆಯ ಸ್ಲಿಕ್ (ಒಣ ಟ್ರ್ಯಾಕಿಗೆ ಹಾಕುವ, ಗೆರೆಯಿಲ್ಲದ) ಟೈರೇ ಆಗಿಬಿಡುತ್ತದೆ. ಹ್ಯಾಮಿಲ್ಟನ್‌ಗೆ ಸಿಕ್ಕಿದ್ದು ಅದು. ನಿಂತ ನೀರಿದ್ದಿದ್ದರೆ ಅದೇ ಟೈರು ಅವನನ್ನು ಗೋಡೆಗೆ ಹೊಡೆಸುತ್ತಿತ್ತು ಬಿಡಿ.

ಒಣ ಟ್ರ್ಯಾಕಿನ ಕಥೆ ಬೇರೆ. ಅಲ್ಲಿ ರಬ್ಬರ್ ತೆಳ್ಳಗಾದಷ್ಟೂ ಬಿಸಿ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಆದರೂ ಅದರಲ್ಲೇ ಎಳೆದರೆ ಒಳಗಿನ ರಚನೆಗೇ ಪೆಟ್ಟು. ಅದೇ 2020ರ ಆಗಸ್ಟ್‌ನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಸೇಫ್ಟಿ ಕಾರ್ (ಅಪಘಾತವಾದಾಗ ಎಲ್ಲರನ್ನೂ ನಿಧಾನಕ್ಕೆ ಓಡಿಸುವ ಕಾರು) ಬಂದಿತೆಂದು ಮುಂದಿನವರೆಲ್ಲ ಬೇಗ ಹಾರ್ಡ್ (ಗಟ್ಟಿ ರಬ್ಬರಿನ) ಟೈರಿಗೆ ಬದಲಾಯಿಸಿದರು. 52 ಲ್ಯಾಪ್ ರೇಸಿನಲ್ಲಿ ಹತ್ತಿರ ಹತ್ತಿರ 40 ಲ್ಯಾಪ್ ಒಂದೇ ಸೆಟ್. ಅಲ್ಲಿನ ವೇಗದ ಬಲ ತಿರುವುಗಳಲ್ಲಿ ಭಾರವೆಲ್ಲ ಎಡ ಮುಂದಿನ ಟೈರಿನ ಮೇಲೆ ಬೀಳುತ್ತದೆ. ಕೊನೆಯಲ್ಲಿ ಬೊಟಾಸ್, ಸೈನ್ಜ್, ಹ್ಯಾಮಿಲ್ಟನ್ ಮೂವರದ್ದೂ ಹೋಗಿದ್ದು ಅದೇ ಟೈರು. ಹ್ಯಾಮಿಲ್ಟನ್‌ದು ಕೊನೆಯ ಲ್ಯಾಪ್‌ನಲ್ಲಿ! ಮೂರು ಟೈರಿನಲ್ಲಿ ಕುಂಟುತ್ತಾ ಬಂದು ಗೆದ್ದ. ಬೊಟಾಸ್ ಎರಡನೇ ಸ್ಥಾನದಿಂದ 11ಕ್ಕೆ ಇಳಿದ.

ಇದೆಲ್ಲ ನೋಡಿದವರು ಹ್ಯಾಮಿಲ್ಟನ್‌ಗೆ ಟೈರು ಉಳಿಸುವುದು ಹುಟ್ಟಿನಿಂದಲೇ ಬಂದಿದೆ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. 2007ರಲ್ಲಿ ಶಾಂಘೈನಲ್ಲಿ ಇದೇ ಮನುಷ್ಯ ಸವೆದ ಇಂಟರ್ ಮೇಲೆ ಜಾಸ್ತಿ ಹೊತ್ತು ಓಡಿಸಿದ. ಹಿಂದಿನ ಟೈರಿನ ಒಳಗಿನ ಕ್ಯಾನ್ವಾಸ್ ಕಾಣುವಷ್ಟು ಸವೆದು, ಟೈರು ಬದಲಿಸುವ ಜಾಗವಾದ ಪಿಟ್‌ಗೆ ತಿರುಗುವ ಕಡೆ ಜಾರಿ ಜಲ್ಲಿಯಲ್ಲಿ ಹೂತುಕೊಂಡ. ಆ ವರ್ಷದ ಪಟ್ಟ ಒಂದೇ ಒಂದು ಪಾಯಿಂಟಿನಲ್ಲಿ ರೈಕೊನೆನ್ ಪಾಲಾಯಿತು. ಇಸ್ತಾಂಬುಲ್‌ನ ತಾಳ್ಮೆ ಕಲಿತು ಬಂದದ್ದು ಅಂತ ನನಗನ್ನಿಸುತ್ತದೆ.

2021ರಲ್ಲಿ ಮತ್ತೆ ಇಸ್ತಾಂಬುಲ್, ಮತ್ತೆ ಒದ್ದೆ. ಈ ಸಲವೂ ಹ್ಯಾಮಿಲ್ಟನ್ ನಿಲ್ಲದೆ ಓಡಿಸಲು ನೋಡಿದ, ಆದರೆ ಕೊನೆಯ ಕೆಲವು ಲ್ಯಾಪ್ ಇರುವಾಗ ತಂಡ ಒಳಗೆ ಕರೆಯಿತು. ಹೊಸ ಇಂಟರ್ ಗ್ರೇನಿಂಗ್ ಆಗಿ ಐದನೆಯವನಾದ, ರೇಡಿಯೋದಲ್ಲಿ ಗೊಣಗಿದ್ದೇ ಗೊಣಗಿದ್ದು. ಎಸ್ಟೆಬನ್ ಓಕಾನ್ ಮಾತ್ರ ಪಿಟ್‌ಗೆ ಬರಲೇ ಇಲ್ಲ. 58 ಲ್ಯಾಪ್ ಒಂದೇ ಸೆಟ್‌ನಲ್ಲಿ ಮುಗಿಸಿ ಹತ್ತನೆಯವನಾಗಿ ಒಂದು ಪಾಯಿಂಟ್ ಗಿಟ್ಟಿಸಿಕೊಂಡ. ಹ್ಯಾಮಿಲ್ಟನ್ ಅಭಿಮಾನಿಗಳು ಬೈಯಬಹುದು, ಆದರೆ ಅವತ್ತು ಓಕಾನ್‌ನ ಸವೆದುಹೋದ ಟೈರಿನ ಫೋಟೋ ನೋಡಿದ ಮೇಲೆ ನಾನು ತಂಡದ ಕಡೆಗೇ.